ಒಂಬತ್ತು ಸಲ ಗುಂಪಿನ ಜೊತೆ ಹೋಗಿಬಂದೆ, ಒಬ್ಬ ಗೆಳೆಯನೂ ಆಗಲಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಹೊಸಹಾದಿ

ಕೆಲಸಕ್ಕಾಗಿ ಹೊಸ ಊರಿಗೆ ಬಂದು 14 ತಿಂಗಳಾಯ್ತು. ವಯಸ್ಸು 34. ಆಫೀಸಿನವರು ಒಳ್ಳೆಯವರೇ, ಆದರೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅವರವರ ಮನೆ ಅವರವರಿಗೆ. ಹಾಗಾಗಿ ಭಾನುವಾರಗಳಲ್ಲಿ ಗುಂಪಿನ ಜೊತೆ ಹೊರಗೆ ಹೋಗಲು ಶುರು ಮಾಡಿದೆ. ಇಲ್ಲಿಯವರೆಗೆ 9 ಸಲ ಆಗಿದೆ. ಆರು ಬೆಟ್ಟ, ಎರಡು ಸೈಕಲ್ ಸವಾರಿ, ಒಂದು ಹಕ್ಕಿ ನೋಡುವ ನಡಿಗೆ. ಒಂಬತ್ತೂ ಬೇರೆ ಬೇರೆ ಗುಂಪು. ಹೆಚ್ಚು ಜನರ ಪರಿಚಯವಾಗಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು.

ಪ್ರತಿ ಸಲವೂ ನಡೆಯುವುದು ಇಷ್ಟೇ. ಬೆಳಗ್ಗೆ ಬಸ್ಸಿನಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಹೆಸರು, ಕೆಲಸ ಹೇಳುತ್ತಾರೆ. ಐದನೆಯವರು ಕೂರುವಷ್ಟರಲ್ಲಿ ಮೊದಲನೆಯವರ ಹೆಸರು ಮರೆತಿರುತ್ತದೆ. ಹತ್ತುವಾಗ ಯಾರೋ ಒಬ್ಬರ ಜೊತೆ ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಗುತ್ತದೆ, ಆಮೇಲೆ ಅವರು ಮುಂದೆ, ನಾನು ಹಿಂದೆ. ತುದಿಯಲ್ಲಿ ಫೋಟೊ. ವಾಪಸ್ ಬರುವಾಗ ಎಲ್ಲರೂ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ. ರಾತ್ರಿ ವಾಟ್ಸಾಪ್‌ನಲ್ಲಿ ‘ಎಲ್ಲರನ್ನೂ ಭೇಟಿಯಾಗಿ ತುಂಬಾ ಖುಷಿಯಾಯ್ತು’ ಎಂಬ ಸಂದೇಶ, 60 ಫೋಟೊ, ಒಂದಷ್ಟು ಹೆಬ್ಬೆರಳು. ಬುಧವಾರದ ಹೊತ್ತಿಗೆ ಗುಂಪಿನಲ್ಲಿ ಸದ್ದೇ ಇರುವುದಿಲ್ಲ.

ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದ್ದೆ. ಎರಡನೇ ದಿನ ಮಾತ್ರೆ ತರಿಸಬೇಕಿತ್ತು. ಫೋನಿನಲ್ಲಿ ಹೀಗೆ ಹೊರಗೆ ಹೋದಾಗ ಸೇರಿಸಿಕೊಂಡ ಹೆಸರುಗಳು 47 ಇವೆ. ಯಾರು ಯಾವ ದಿನ ಸಿಕ್ಕಿದ್ದು ಅಂತಲೂ ಮುಂದೆ ಬರೆದುಕೊಂಡಿದ್ದೇನೆ. ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ‘ಸ್ವಲ್ಪ ಮಾತ್ರೆ ತಂದುಕೊಡ್ತೀರಾ’ ಅನ್ನುವಷ್ಟು ಸಲಿಗೆ ಯಾರ ಜೊತೆಯೂ ಇರಲಿಲ್ಲ. ನಾನೇ ಎದ್ದು ಹೋಗಿ ತಂದೆ. ಆ ದಿನದಿಂದ ಇದೊಂದೇ ತಲೆಯಲ್ಲಿ ಕೊರೆಯುತ್ತಿದೆ.

ಹೋದ ಪುಟ್ಟ ಬಂದ ಪುಟ್ಟ ಅನ್ನೋ ಹಾಗಾಗಿದೆ. ವಯಸ್ಸು ದಾಟಿತಾ? ಮಾತು ಕಡಿಮೆ ಅಂತ ಹೀಗಾ? ಅಥವಾ ಇಂಥ ಕಡೆ ಗೆಳೆತನ ಹುಟ್ಟುವುದೇ ಇಲ್ಲವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕೊನೆಹೆಜ್ಜೆ

ಆ 47 ಹೆಸರಿನ ವಿಷಯ ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನೂ ಒಂದು ಕಾಲದಲ್ಲಿ ಫೋನ್ ಹಿಡ್ಕೊಂಡು ಹಾಗೇ ಕೂತಿದ್ದೆ. ವಯಸ್ಸಿನ ಮಾತು ಬಿಟ್ಟುಬಿಡಿ, ನನಗೆ ಗುಂಪಿನಲ್ಲಿ ಗೆಳತಿ ಸಿಕ್ಕಿದ್ದು 41ಕ್ಕೆ. ಈಗ 47.

ಆರು ವರ್ಷದಿಂದ ಒಂದೇ ಗುಂಪಿನ ಜೊತೆ ನಡೀತಿದೀನಿ. ತಿಂಗಳಿಗೆ ಎರಡು ಭಾನುವಾರ, 12ರಿಂದ 15 ಜನ. ಅದರಲ್ಲಿ ನನ್ನ ಕೆಲಸ ಕೊನೆಯಲ್ಲಿ ನಡೆಯೋದು. ಸ್ವೀಪ್ ಅಂತಾರಲ್ಲ, ಅದು. ನನ್ನ ಹಿಂದೆ ಯಾರೂ ಉಳಿಯಬಾರದು, ಅಷ್ಟೇ ಕೆಲಸ. ದಾರಿ ಕವಲೊಡೆಯುವ ಕಡೆ ನಿಂತು ತಲೆ ಎಣಿಸ್ತೀನಿ. ಚೀಲದಲ್ಲಿ ಎರಡು ಜೊತೆ ಶೂ ಲೇಸು, ಬ್ಯಾಂಡೇಜು, ಗಟ್ಟಿ ಟೇಪು, ಟಾರ್ಚು, ಸೀಟಿ ಇಟ್ಕೊಂಡಿರ್ತೀನಿ.

ಈ ಕೆಲಸ ನನಗೆ ಬಂದದ್ದು ಮೊಣಕಾಲು ನೋವಿನಿಂದ. ಹೇಗೂ ಹಿಂದೆ ಬೀಳ್ತೀನಿ, ಜವಾಬ್ದಾರಿ ತಗೊಂಡೇ ಹಿಂದೆ ಇರೋಣ ಅಂದ್ಕೊಂಡೆ. ಎರಡನೇ ಸಲವೋ ಮೂರನೇ ಸಲವೋ, ಒಬ್ಬರ ಶೂ ಅಡಿ ಅಟ್ಟೆ ಪೂರ್ತಿ ಕಿತ್ತುಬಂತು. ಹಳೇ ಶೂ ವರ್ಷಗಟ್ಟಲೆ ಕಪಾಟಿನಲ್ಲಿದ್ದರೆ ಒಳಗಿನ ಅಂಟು ಪುಡಿಯಾಗಿರತ್ತೆ, ಹೊರಗಿಂದ ಗೊತ್ತಾಗಲ್ಲ. ಟೇಪು ಸುತ್ತಿ, ಮೇಲೆ ಲೇಸಿನಿಂದ ಬಿಗಿದು ಕಟ್ಟಿದ್ವಿ. ಪ್ರತಿ ಕಾಲು ಗಂಟೆಗೂ ಸಡಿಲ ಆಗೋದು, ಕೂತು ಮತ್ತೆ ಕಟ್ಟೋದು. ಎಲ್ಲರೂ ಮುಂದೆ ಹೋದರು. ಎರಡೂವರೆ ಗಂಟೆ ನಾವಿಬ್ಬರೇ ಇಳಿದ್ವಿ. ಅರ್ಧ ದಾರಿ ಮಾತೇ ಇರಲಿಲ್ಲ. ಆಮೇಲೆ ಅವರೇ ತಮ್ಮ ಅಮ್ಮನಿಗೆ ನೆನಪು ಮಾಸುತ್ತಾ ಬಂದಿರೋದನ್ನ ಹೇಳಿದರು. ನನ್ನ ಮುಖ ನೋಡಿ ಹೇಳಿದ್ದಲ್ಲ, ಕಾಲು ಎಲ್ಲಿಡಬೇಕು ಅಂತ ನೆಲ ನೋಡ್ತಾ ಹೇಳಿದ್ದು. ಎದುರುಬದುರು ಕೂತಿದ್ದರೆ ಆ ಮಾತು ಬರ್ತಿರಲಿಲ್ಲ ಅಂತ ಈಗಲೂ ನನಗನ್ನಿಸತ್ತೆ. ಪಕ್ಕಪಕ್ಕ ನಡೆಯುವಾಗ ಕಣ್ಣಿಗೆ ಬೇರೆ ಕೆಲಸ ಇರತ್ತೆ, ಮೌನಕ್ಕೂ ಜಾಗ ಇರತ್ತೆ.

ಆದರೂ ಅವತ್ತೇ ನಾವು ಗೆಳತಿಯರಾಗಲಿಲ್ಲ. ಇದನ್ನ ನೀವು ಗಮನಿಸಬೇಕು. ಅದಕ್ಕೆ ಇನ್ನೂ ಒಂಬತ್ತು ತಿಂಗಳು ಹಿಡೀತು.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಮಾತಾಡಿಸಿದ್ದರಲ್ಲಿ ಆಗಷ್ಟೇ ಊರು ಬದಲಿಸಿದ ವಯಸ್ಕರೂ ಇದ್ದರು, ಅಂದ್ರೆ ನಿಮ್ಮಂಥವರೇ. ಬರೀ ಪರಿಚಯ ಇದ್ದದ್ದು ಸಾಧಾರಣ ಸ್ನೇಹ ಆಗೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೀಬೇಕು, ಗೆಳೆಯ ಅನ್ನಿಸೋಕೆ ಸುಮಾರು 90, ಆಪ್ತ ಅನ್ನಿಸೋಕೆ 200ಕ್ಕೂ ಹೆಚ್ಚು. ಒಂದೇ ಕಡೆ ಕೆಲಸ ಮಾಡುವ ಗಂಟೆಗಳಿಗೆ ಅಷ್ಟು ತೂಕ ಇಲ್ಲ ಅಂತಲೂ ಅದರಲ್ಲಿದೆ. ನಿಮ್ಮ ಆಫೀಸಿನ ಮಾತಿಗೆ ಅಲ್ಲೇ ಉತ್ತರ ಸಿಗತ್ತೆ.

ಈಗ ನಿಮ್ಮ ಲೆಕ್ಕ ಹಾಕಿ. ಒಂದು ದಿನಕ್ಕೆ 8 ಗಂಟೆ ಅಂದರೂ 9 ಸಲಕ್ಕೆ 72 ಗಂಟೆ. ಕಡಿಮೆ ಅಲ್ಲ! ಆದರೆ ಒಬ್ಬರ ಪಾಲಿಗೆ ಬಂದದ್ದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದ ಲೆಕ್ಕದಲ್ಲಿ 50 ಗಂಟೆ ಆಗೋಕೆ ಅದೇ ಮನುಷ್ಯನ ಜೊತೆ 150 ಸಲ ಹೋಗಬೇಕು. ನೀವು ಎರಡನೇ ಸಲವೂ ಹೋಗಿಲ್ಲ. ನಮ್ಮ ಗುಂಪಿನಲ್ಲಿ ನಾನು ಆ ಶೂ ಕಿತ್ತುಹೋಗಿದ್ದವರ ಜೊತೆ ಒಂದು ಭಾನುವಾರಕ್ಕೆ ಮೂರು ಗಂಟೆಯಷ್ಟು ನಡೀತಿದ್ದೆ. ತಿಂಗಳಿಗೆ ಆರು ಗಂಟೆ. ಒಂಬತ್ತು ತಿಂಗಳು ಯಾಕೆ ಹಿಡೀತು ಅಂತ ಈಗ ನಿಮಗೂ ಗೊತ್ತಾಗತ್ತೆ. ನಿಮ್ಮಲ್ಲಿ ಕೊರತೆ ಏನೂ ಇಲ್ಲ, ಗಂಟೆಗಳು ಚೆಲ್ಲಾಪಿಲ್ಲಿ ಆಗಿವೆ.

ಗುಂಪಿನ ಗಾತ್ರವನ್ನೂ ನೋಡಿ. ಬಸ್ಸು ತುಂಬ ಜನ ಬೇಡ. ರಾಬಿನ್ ಡನ್‌ಬಾರ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು 1995ರಲ್ಲೇ ಬರೆದಿದ್ದಾರೆ, ಮಾತುಕತೆಗೆ ಐದನೆಯವರು ಸೇರಿದರೆ ಅದು ಸಾಮಾನ್ಯವಾಗಿ ಒಡೆದು ಎರಡಾಗತ್ತೆ ಅಂತ. ಇದನ್ನ ನಾನು ಹಿಂದಿನಿಂದ ಪ್ರತಿ ಭಾನುವಾರ ಕಣ್ಣಾರೆ ನೋಡ್ತೀನಿ. ಹನ್ನೆರಡು ಜನ ಹೊರಟರೆ ಅರ್ಧ ಗಂಟೆಯಲ್ಲಿ ಮೂರು ನಾಲ್ಕು ತುಂಡು. ಸಣ್ಣ ಗುಂಪಾದರೆ ಆ ತುಂಡುಗಳು ಪ್ರತಿ ವಿಶ್ರಾಂತಿಗೂ ಬದಲಾಗ್ತಿರತ್ತೆ, ಹೊಸಬರೂ ಒಳಗೆ ಸೇರ್ತಾರೆ. ನಲವತ್ತು ಜನ ಇದ್ದರೆ ಗೊತ್ತಿದ್ದವರು ಗೊತ್ತಿದ್ದವರ ಜೊತೆಗೇ ಅಂಟಿಕೊಳ್ತಾರೆ.

ಒಂಬತ್ತರಲ್ಲಿ ಯಾವುದು ನಿಮಗೆ ಹಿತ ಅನ್ನಿಸಿತ್ತು? ಹಿತ ಅಂದೆ, ಬೆಟ್ಟ ಚೆನ್ನಾಗಿತ್ತಾ ಅಂತ ಕೇಳಲಿಲ್ಲ. ಅಲ್ಲಿಗೇ ವಾಪಸ್ ಹೋಗಿ. ಆರು ತಿಂಗಳು ಬೇರೆ ಕಡೆ ತಲೆ ಹಾಕಬೇಡಿ. ಮೂರನೇ ಸಲಕ್ಕೆ ‘ಏನಾದರೂ ಕೆಲಸ ಕೊಡಿ’ ಅಂತ ಕೇಳಿ.

ಟೋಕನ್‌ಮೇಷ್ಟ್ರು

ಕೊನೆಹೆಜ್ಜೆಯವರು ‘ಕೆಲಸ ಕೇಳಿ’ ಎಂದದ್ದು ನೂರಕ್ಕೆ ನೂರು ನಿಜ. ನಾನು ನಿವೃತ್ತ ಶಿಕ್ಷಕ, 66 ವರ್ಷ. ಓಡುವವನಲ್ಲ. ಆದರೆ ಶನಿವಾರ ಬೆಳಗಿನ ಒಂದು ಓಟದ ಗುಂಪಿನಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಕಾರಣ, ಓಟ ಮುಗಿಸಿದವರ ಕೈಗೆ ಎಷ್ಟನೆಯವರಾಗಿ ಬಂದರೆಂದು ತಿಳಿಸುವ ಟೋಕನ್ ಕೊಡುವವನು ನಾನು.

ಮೊದಲ ನಾಲ್ಕು ವಾರ ಬರೀ ನೋಡುಗನಾಗಿ ಬೆಂಚಿನ ಮೇಲೆ ಕುಳಿತಿದ್ದೆ. ಒಬ್ಬರೂ ಮಾತಾಡಿಸಲಿಲ್ಲ, ನಾನಾಗಿ ಯಾರನ್ನೂ ಮಾತಾಡಿಸುವ ಧೈರ್ಯವೂ ಬರಲಿಲ್ಲ. ಐದನೇ ವಾರ ಟೋಕನ್ ಕೊಡುವವರು ಬಂದಿರಲಿಲ್ಲ. ‘ಮೇಷ್ಟ್ರೇ, ಸ್ವಲ್ಪ ನಿಂತ್ಕೋತೀರಾ’ ಎಂದರು, ನಿಂತೆ. ಅಂದು ಒಂದೇ ಬೆಳಗಿನಲ್ಲಿ ಎಪ್ಪತ್ತು ಜನ ನನಗೆ ಧನ್ಯವಾದ ಹೇಳಿದರು. ಕೈಯಲ್ಲಿ ಕೆಲಸವಿದ್ದವನ ಬಳಿಗೆ ಜನ ತಾವಾಗಿ ಬರುತ್ತಾರೆ. ಮಾತು ಕಡಿಮೆ ಎಂದು ಕೊರಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ, ಏಕೆಂದರೆ ಮಾತಿನ ಮೊದಲ ತುದಿ ಹುಡುಕುವ ಕಷ್ಟ ಅಲ್ಲಿಲ್ಲ.

ಶನಿವಾರ ಬೆಳಗ್ಗೆ ಉದ್ಯಾನಗಳಲ್ಲಿ ನಡೆಯುವ ‘ಪಾರ್ಕ್‌ರನ್’ ಎಂಬ ಓಟ ಹುಟ್ಟಿದ್ದೂ ಹೀಗೆಯೇ. ಪಾಲ್ ಸಿಂಟನ್-ಹ್ಯೂಯಿಟ್ ಎಂಬುವರಿಗೆ ಗಾಯವಾಗಿ ಓಡಲಾಗುತ್ತಿರಲಿಲ್ಲ. ಓಟದ ಗೆಳೆಯರ ಒಡನಾಟ ತಪ್ಪಿಹೋಗಬಾರದೆಂದು 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಐದು ಕಿಲೋಮೀಟರ್ ಓಟವೊಂದನ್ನು ಏರ್ಪಡಿಸಿದರು. ಬಂದವರು 13 ಓಟಗಾರರು. ಆರಂಭದ ದಿನಗಳಲ್ಲಿ ಟೋಕನ್ ಆಗಿ ಬಳಸಿದ್ದು ಲೋಹದ ವಾಷರ್‌ಗಳನ್ನು. ಇಂದು ಎಷ್ಟೋ ದೇಶಗಳಲ್ಲಿ ಶನಿವಾರ ಬೆಳಗ್ಗೆ ಅದೇ ಐದು ಕಿಲೋಮೀಟರ್ ಓಡುತ್ತಾರೆ. ವಾರ ಬದಲಾಗದು, ದೂರ ಬದಲಾಗದು. ಹಾಗಿರುವುದರಿಂದಲೇ ಅವವೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ.

ಮತ್ತೆ ಮತ್ತೆ ಕಾಣುವುದಕ್ಕೆ ಇರುವ ಬಲದ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ. 1992ರಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಇಬ್ಬರು ಸಂಶೋಧಕರು ನಾಲ್ವರು ಯುವತಿಯರನ್ನು ಒಂದು ಕಾಲೇಜು ತರಗತಿಗೆ ಕಳಿಸಿದರು. ಒಬ್ಬರು ಒಮ್ಮೆಯೂ ಹೋಗಲಿಲ್ಲ, ಉಳಿದವರು 5, 10, 15 ಸಲ ಹೋಗಿ ಸುಮ್ಮನೆ ಕುಳಿತು ಬಂದರು. ಯಾರೊಂದಿಗೂ ಮಾತಿಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ಅವರ ಚಿತ್ರ ತೋರಿಸಿದಾಗ ಹೆಚ್ಚು ಸಲ ಬಂದವರೇ ಹೆಚ್ಚು ಹಿಡಿಸಿದರು. ತರಗತಿಯಲ್ಲಿ ಮೂವತ್ತೈದು ವರ್ಷ ಕಳೆದವನಾಗಿ ನನಗೆ ಇದು ಬಹಳ ನಾಟಿತು. ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಮಕ್ಕಳು ಒಂದು ದಿನ ಬಾರದಿದ್ದರೆ ಇಡೀ ತರಗತಿ ‘ಅವನೆಲ್ಲಿ ಸಾರ್’ ಎಂದು ಕೇಳುತ್ತಿತ್ತು.

ಸೈಕಲ್‌ಗಂಟೆ

ಎಲ್ಲ ಒಪ್ಪುತ್ತೇನೆ, ಆದರೆ ಯಾರೂ ಹೇಳದ ಒಂದು ವಿಷಯ ಹೇಳಲೇಬೇಕು. ಹೊಸಹಾದಿಯವರೇ, ನಿಮ್ಮನ್ನು ಕುರಿತು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ಎರಡು ವರ್ಷದ ಹಿಂದೆ ನನಗೆ ಜೀವದಂತಿದ್ದ ಒಂದು ಸೈಕಲ್ ಗುಂಪಿತ್ತು. ಒಂದು ಸವಾರಿಯ ನಂತರ ಅಲ್ಲಿ ಬಂದಿದ್ದ ಒಬ್ಬರು ವಾಟ್ಸಾಪ್ ಪಟ್ಟಿಯಿಂದ ನನ್ನ ನಂಬರ್ ತೆಗೆದುಕೊಂಡು ದಿನಾ ರಾತ್ರಿ ಮೆಸೇಜ್ ಹಾಕತೊಡಗಿದರು. ಕೆಟ್ಟ ಮಾತೇನಲ್ಲ. ‘ಊಟ ಆಯ್ತಾ’, ‘ಯಾಕೆ ಸುಮ್ಮನಿದ್ದೀರಿ’, ‘ಒಳ್ಳೆ ಸ್ನೇಹಿತರಾಗೋಣ’. ಹನ್ನೊಂದು ದಿನ. ಆಯೋಜಕರಿಗೆ ಹೇಳಿದರೆ ‘ಪಾಪ ಒಂಟಿ ಮನುಷ್ಯ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ಗುಂಪು ಬಿಟ್ಟೆ. ಅವರ ಒಂಟಿತನಕ್ಕೆ ಬೆಲೆ ಕೊಟ್ಟು ನನ್ನ ಭಾನುವಾರಗಳನ್ನು ಕಿತ್ತುಕೊಂಡ ನೋವು ಇನ್ನೂ ಹೋಗಿಲ್ಲ.

ಈಗ ಇರುವ ಗುಂಪಿನಲ್ಲಿ ನಿಯಮವೇ ಇದೆ. ಮುಖಾಮುಖಿ ಕೇಳಿ ಒಪ್ಪಿಗೆ ಪಡೆಯದೆ ಯಾರೂ ಯಾರಿಗೂ ಖಾಸಗಿ ಮೆಸೇಜ್ ಹಾಕುವಂತಿಲ್ಲ. ಹೊರಡುವ ಮೊದಲು ಇದನ್ನು ಜೋರಾಗಿ ಹೇಳುತ್ತಾರೆ, ಹೆಲ್ಮೆಟ್ ನಿಯಮದ ಜೊತೆಗೇ. ಅಲ್ಲೇ ನನಗೆ ಇಬ್ಬರು ಗೆಳೆಯರಾದರು, ಒಬ್ಬ ಗಂಡಸೂ ಸೇರಿ. ನಿಯಮ ಇರುವುದರಿಂದ ನಾವು ಧೈರ್ಯವಾಗಿ ನಗುತ್ತೇವೆ, ಮಾತಾಡುತ್ತೇವೆ.

ಆದ್ದರಿಂದ ಮೊದಲು ಕರೆಯುವಾಗ ಒಬ್ಬರನ್ನೇ ಕರೆಯಬೇಡಿ, ಇಬ್ಬರು ಮೂವರನ್ನು ಒಟ್ಟಿಗೆ ಕರೆಯಿರಿ. ಎಲ್ಲರಿಗೂ ಗೊತ್ತಿರುವ ಬಯಲು ಜಾಗಕ್ಕೆ ಕರೆಯಿರಿ. ಎರಡು ಸಲ ಚುಟುಕಾಗಿ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಿ. ಹೆಂಗಸರಿಗೆ ಮಾತ್ರವಲ್ಲ, ಯಾರಿಗಾದರೂ ಅಷ್ಟೇ.

ಹೊಸಹಾದಿ

ಮೂವರಿಗೂ ತುಂಬಾ ಥ್ಯಾಂಕ್ಸ್. 150 ಸಲದ ಲೆಕ್ಕ ನೋಡಿದಾಗ ಎದೆ ಮೇಲಿನ ಭಾರ ಇಳಿದಂತಾಯ್ತು. ಸೈಕಲ್‌ಗಂಟೆಯವರೇ, ನೀವು ಗುಂಪು ಬಿಡಬೇಕಾಗಿ ಬಂದದ್ದು ಓದಿ ಬೇಸರವಾಯ್ತು. ‘ಒಂಟಿ ಮನುಷ್ಯ’ ಅನ್ನುವುದು ಯಾವುದಕ್ಕೂ ಸಬೂಬಲ್ಲ, ಒಂಟಿಯಾಗಿರುವ ನಾನೇ ಹೇಳುತ್ತಿದ್ದೇನೆ.

ಹಿತ ಅನ್ನಿಸಿದ ಗುಂಪು ಹಕ್ಕಿ ನೋಡುವವರದು. 11 ಜನ ಇದ್ದರು. ಮಾತಿಗಿಂತ ಪಿಸುಮಾತು ಹೆಚ್ಚು. ಒಬ್ಬರು ತಮ್ಮ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಹತ್ತು ನಿಮಿಷ ಕೇಳಲೇ ಇಲ್ಲ, ಅದು ಈಗ ನೆನಪಾಗುತ್ತಿದೆ. ಅಲ್ಲಿಗೇ ಹೋಗುತ್ತೇನೆ.

ಕೊನೆಹೆಜ್ಜೆ ಅಕ್ಕಾ (ಹಾಗೆ ಕರೆಯಬಹುದಲ್ಲವಾ?), ಒಂದು ಪ್ರಶ್ನೆ. ಗುಂಪಿನ ಹೊರಗೆ ಭೇಟಿಯಾಗೋಣ ಅಂತ ಮೊದಲ ಸಲ ಹೇಗೆ ಕೇಳುವುದು? ಅವರಿಗೆ ನಾನು ಬೇಡವಾಗಿದ್ದರೆ ಅನ್ನುವ ಅಳುಕೇ ನನ್ನ ಬಾಯಿ ಕಟ್ಟುತ್ತದೆ.

ಕೊನೆಹೆಜ್ಜೆ

ಅಕ್ಕ ಅನ್ನಿ, ಸಂತೋಷ.

ಆ ಅಳುಕು ಎದುರಿನವರಿಗೂ ಇರತ್ತೆ ಕಣಪ್ಪಾ. 2018ರಲ್ಲೇ ಎರಿಕಾ ಬೂತ್‌ಬಿ ಮತ್ತು ಜೊತೆಯವರು ಇದರ ಮೇಲೆ ಒಂದು ಅಧ್ಯಯನ ಬರೆದರು. ಅಪರಿಚಿತರು ಮಾತಾಡಿ ಎದ್ದು ಹೋದಮೇಲೆ, ಎದುರಿನವರಿಗೆ ನಾನು ಎಷ್ಟು ಹಿಡಿಸಿದೆ ಅಂತ ಕೇಳಿದರೆ ಜನ ಇರೋದಕ್ಕಿಂತ ಕಡಿಮೆ ಅಂದಾಜು ಮಾಡ್ತಾರಂತೆ. ಒಂದೇ ಹಾಸ್ಟೆಲಿನಲ್ಲಿ ಇದ್ದವರಲ್ಲೂ ತಿಂಗಳುಗಟ್ಟಲೆ ಈ ಅಂತರ ಹೋಗಿರಲಿಲ್ಲ. ನೀವು ‘ಅವರಿಗೆ ಬೇಡವೇನೋ’ ಅಂತ ಸುಮ್ಮನಾದ ಕಡೆ ಅವರೂ ಹಾಗೇ ಅಂದ್ಕೊಂಡು ಸುಮ್ಮನಾಗಿರಬಹುದು. ಅಲ್ಲಿಗೆ ಇಬ್ಬರಿಗೂ ನಷ್ಟ.

ಕೇಳುವ ರೀತಿ ಹೇಳ್ತೀನಿ. ‘ಯಾವಾಗಲಾದರೂ ಸಿಗೋಣ’ ಅಂತ ಮಾತ್ರ ಅನ್ನಬೇಡಿ, ಆ ಯಾವಾಗಲಾದರೂ ಯಾವತ್ತೂ ಬರಲ್ಲ. ದಿನ ಹೇಳಿ, ಹೊತ್ತು ಹೇಳಿ, ಎಷ್ಟಕ್ಕೆ ಮುಗಿಯತ್ತೆ ಅಂತ ಹೇಳಿ. ನಾನು ಅವತ್ತು ಕೇಳಿದ್ದು ಹೀಗೆ: ‘ಶನಿವಾರ ಬೆಳಗ್ಗೆ ಏಳಕ್ಕೆ ಕೆರೆ ಸುತ್ತ ನಡೀಬೇಕು ಅಂತಿದೀನಿ. ನೀವಿಬ್ಬರೂ ಬರ್ತೀರಾ? ಎಂಟಕ್ಕೆ ಮುಗಿಸಿಬಿಡೋಣ.’ ಮುಗಿಯುವ ಹೊತ್ತು ಗೊತ್ತಿದ್ದರೆ ಒಪ್ಪಿಕೊಳ್ಳೋದು ಸುಲಭ. ಆಗಲ್ಲ ಅನ್ನೋದಕ್ಕೂ ಸಂಕೋಚ ಇರಲ್ಲ. ನೀವು ಹೇಗೂ ಹೋಗ್ತಾ ಇದ್ದೀರಿ ಅನ್ನೋ ಕಾರಣಕ್ಕೆ ಅವರ ಮೇಲೆ ಹೊರೆಯೂ ಬೀಳಲ್ಲ.

ಮೊದಲ ಸಲ ಇಬ್ಬರೂ ಬರಲಿಲ್ಲ, ಒಬ್ಬಳೇ ನಡೆದೆ. ಎರಡನೇ ಸಲ ಶೂ ಕಿತ್ತುಹೋಗಿದ್ದವರು ಬಂದರು. ಆಮೇಲೆ ಮೂರು ತಿಂಗಳಿಗೆ ಒಂದು ದಿನ ಅವರ ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು, ಕಾರಿನಲ್ಲಿ ಹಿಂದೆ ಅಮ್ಮನ ಪಕ್ಕ ಕೂರೋಕೆ ಒಬ್ಬರು ಬೇಕಿತ್ತು. ಬೆಳಗ್ಗೆ ಆರೂಕಾಲಿಗೆ ನನಗೆ ಫೋನ್ ಬಂತು. ನಿದ್ದೆಗಣ್ಣಲ್ಲಿ ‘ಹೂಂ, ಬಂದೆ’ ಅಂದೆ. ದಾರಿಯುದ್ದಕ್ಕೂ ಅವರಮ್ಮ ನನ್ನ ಕೈ ಹಿಡ್ಕೊಂಡು ನನ್ನನ್ನ ಅವರ ತಂಗಿ ಅಂತಲೇ ಕರೀತಿದ್ದರು.

ಹೊಸಹಾದಿ

ಇವತ್ತು ಹಕ್ಕಿ ಗುಂಪಿನ ಜೊತೆ ಎರಡನೇ ಸಲ ಹೋಗಿ ಬಂದೆ. ದುರ್ಬೀನು ಕೊಟ್ಟಿದ್ದವರು ನನ್ನ ಹೆಸರು ನೆನಪಿಟ್ಟುಕೊಂಡಿದ್ದರು, ನಾನು ಅವರದನ್ನು ಮರೆತಿದ್ದೆ. ಕೇಳಿ ತಿಳಿದುಕೊಂಡೆ. ಮೂರನೇ ಸಲದವರೆಗೂ ಕಾಯಲಿಲ್ಲ, ಕೆಲಸ ಕೇಳಿಬಿಟ್ಟೆ. ಮುಂದಿನ ಸಲ ಕೊನೆಯಲ್ಲಿ ನಡೆಯಲು ಒಪ್ಪಿದ್ದಾರೆ. ಲೇಸು, ಟೇಪು, ಟಾರ್ಚು ಮನೆಯಲ್ಲಿದೆ. ಸೀಟಿ ಎಂಥದ್ದು ತಗೊಳ್ಳಲಿ? ಎಷ್ಟು ಸಲ ಊದಬೇಕು?

ಕೊನೆಹೆಜ್ಜೆ

ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ತಗೊಳ್ಳಿ. ಒದ್ದೆಯಾದರೂ ಸದ್ದು ಬರತ್ತೆ, ಚಳಿಯಲ್ಲಿ ತುಟಿಗೆ ಅಂಟಲ್ಲ. ಚೀಲದೊಳಗೆ ಹಾಕಬೇಡಿ, ಭುಜದ ಪಟ್ಟಿಗೆ ಕಟ್ಟಿ. ಅಪಾಯಕ್ಕೆ ಯುರೋಪಿನ ಬೆಟ್ಟಗಳಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಅನ್ನೋ ಪದ್ಧತಿ ಇದೆ. ಉತ್ತರ ಅಮೆರಿಕದಲ್ಲಿ ಮೂರು. ನಿಮ್ಮ ಗುಂಪಿನವರು ಯಾವುದನ್ನ ಬಳಸ್ತಾರೆ ಅಂತ ಹೊರಡುವ ಮೊದಲೇ ಮುಂದೆ ನಡೆಯುವವರ ಹತ್ತಿರ ಕೇಳಿ, ‘ನಿಲ್ಲಿ’ ಅನ್ನೋದಕ್ಕೆ ಬೇರೆ ಗುರುತು ಇಟ್ಕೊಳ್ಳಿ. ಹಕ್ಕಿಯವರಾದ್ದರಿಂದ ಸುಮ್ಮಸುಮ್ಮನೆ ಊದಿದರೆ ಹಕ್ಕಿ ಹಾರಿಹೋಗತ್ತೆ, ಅದಕ್ಕೆ ಕೈ ಎತ್ತೋ ಸನ್ನೆಯೇ ವಾಸಿ. ಹೊರಡುವಾಗ ಒಂದು ಸಲ, ಹನ್ನೊಂದು ತಲೆ ಎಣಿಸಿ. ನಿಮ್ಮದೂ ಸೇರಿಸಿ.